ಅಪ್ಪನ ಫೋಟೋ ಹುಡುಕಲು ಹೋಗಿ

ಕಳೆದ ವರ್ಷ ಶಾಮನೂರಿನ ಹೊಸ ಬಡಾವಣೆಯಲ್ಲಿ ನಮ್ಮ ಮನೆಯ ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು. ಸಂತೋಷದ ಹೊತ್ತಿನಲ್ಲೂ ಚಿಂತೆಗೊಂದು ಕಾರಣ ಹುಡುಕಿಕೊಳ್ಳುವುದು ನನ್ನ ಹುಟ್ಟುಗುಣ. ಆ ಸಲ ಹುಡುಕಬೇಕಾಗಲಿಲ್ಲ. ಹಳೆಯ ಮನೆಯ ಗೋಡೆಯಿಂದ ಅಪ್ಪನ ಫೋಟೋ ಇಳಿಸಿದರೆ, ಗೆದ್ದಲು ಗದ್ದದವರೆಗೂ ತಿಂದಿತ್ತು.

ಅಪ್ಪ ತೀರಿಕೊಂಡಾಗ ನನಗೆ ಎರಡು ವರ್ಷ. ಇದ್ದ ಒಂದೇ ಒಂದು ಫೋಟೋವನ್ನು ದೊಡ್ಡಪ್ಪ ನಿಧನ ವಾರ್ತೆಗೆಂದು ಪತ್ರಿಕೆಗೆ ಕೊಟ್ಟಿದ್ದರು. ಅದು ವಾಪಸ್ ಬರಲೇ ಇಲ್ಲ. ಕೊನೆಗೆ ಪತ್ರಿಕೆಯಲ್ಲಿ ಅಚ್ಚಾದದ್ದನ್ನೇ ಕತ್ತರಿಸಿ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದರು. ಹೋಲಿಕೆ ಬಂದಿಲ್ಲವೆಂದು ಬಂಧುಗಳೆಲ್ಲ ಸ್ಟುಡಿಯೋದವರನ್ನು ಬೈಯುತ್ತಲೇ ಹಾರ ಹಾಕಿದರಂತೆ. ನಾನಂತೂ ಆ ದಪ್ಪ ಮೀಸೆಗೆ ಕೈಮುಗಿದೇ ಪರೀಕ್ಷೆ ಬರೆದೆ, ಮದುವೆಯಾದೆ.

ಮೂಲ ಪತ್ರಿಕೆ ಸಿಕ್ಕರೆ ಹೊಸದಾಗಿ ಮಾಡಿಸಬಹುದೆಂದು ದಾವಣಗೆರೆಯ ಆ ಪತ್ರಿಕೆಯ ಕಚೇರಿಗೆ ಹೋದೆ. ಹಳೆಯ ಸಂಚಿಕೆಗಳನ್ನು ಹೊಲಿದು ಒಂದು ಕೋಣೆಯಲ್ಲಿಟ್ಟಿದ್ದರು. ಅಲ್ಲಿದ್ದ ಹೆಣ್ಣುಮಗಳು ಯಾರು ಹೋದದ್ದೆಂದು ಕೇಳಿದಳು. ನಮ್ಮ ತಂದೆ, ಐವತ್ತು ವರ್ಷದ ಮೇಲಾಯಿತು ಎಂದೆ.

"ಹಂಗಾರೆ ಅರ್ಜೆಂಟ್ ಏನಿಲ್ಲ ಬಿಡ್ರಿ. ಕೂಡ್ರಿ, ಚಾ ಕುಡೀರಿ" ಎಂದಳು.

ದೂಳಿಗೆ ಉಬ್ಬಸ ಬಂದೀತೆಂದು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹುಡುಕಿದೆ. ಸಿಕ್ಕಿತು. ಅಪ್ಪನ ಹೆಸರು, ಮೇಲೆ ಅದೇ ಮೀಸೆ. ಪಕ್ಕದಲ್ಲಿ ಹರಿಹರದ ವರ್ತಕರೊಬ್ಬರ ನಿಧನ ವಾರ್ತೆ; ಅದರ ಫೋಟೋದಲ್ಲಿ ತೆಳ್ಳಗಿನ ಮನುಷ್ಯ. ಅವರ ಕಿವಿಗಳನ್ನು ನೋಡಿ ನನ್ನ ಕೈ ನಿಂತಿತು. ದಿನವೂ ಕನ್ನಡಿಯಲ್ಲಿ ಕಾಣುವ, ಅಗಲಕ್ಕೆ ಚಾಚಿದ ನನ್ನವೇ ಕಿವಿಗಳು. ಹಾಳೆ ಮಗುಚಿದೆ. ಮರುದಿನದ ಸಂಚಿಕೆಯ ಮೂಲೆಯಲ್ಲಿ, ಹಿಂದಿನ ದಿನದ ನಿಧನ ವಾರ್ತೆಗಳಲ್ಲಿ ಭಾವಚಿತ್ರ ಅದಲುಬದಲಾದದ್ದಕ್ಕೆ ವಿಷಾದ ಸೂಚಿಸಿದ್ದರು. ಸೂತಕದ ಮನೆಯಲ್ಲಿ ಮರುದಿನದ ಪತ್ರಿಕೆ ಓದುವವರು ಯಾರು?

ನಂಬಲಾಗಲಿಲ್ಲ. ಎರಡೂ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹರಿಹರದ ಬಸ್ಸು ಹತ್ತಿದೆ. ದಾರಿಯ ಬಾತಿ ಊರು ದಾಟುವಷ್ಟರಲ್ಲಿ, ಆ ಮನೆಯವರು ನನ್ನ ಕೊರಳಪಟ್ಟಿ ಹಿಡಿಯುವುದನ್ನೂ ಕಲ್ಪಿಸಿಕೊಂಡಾಗಿತ್ತು. ವರ್ತಕರ ಅಂಗಡಿಯನ್ನು ಈಗ ಅವರ ಮಗ ನಡೆಸುತ್ತಾರೆ. ಮೀಸೆಯ ಫೋಟೋ ತೋರಿಸಿದರೆ, ಅವರು ಗಲ್ಲಾದ ಮೇಲೆ ತೂಗುಹಾಕಿದ್ದ ಫೋಟೋದತ್ತ ಕೈಮಾಡಿದರು. ಅದೇ ಮೀಸೆ. ನಡೆದದ್ದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾವೇ ನಮ್ಮಪ್ಪಗೆ ಹಬ್ಬಕ್ಕೊಂದು ಹಾರ ಹಾಕಿದ್ರೆ ಹೆಚ್ಚು. ನೀವು ದಿನಾ ಪೂಜೆ ಮಾಡೀರಿ. ಊಟ ಮಾಡ್ದೆ ಹೆಂಗೆ ಹೋಗ್ತೀರಿ?"

ಉಣ್ಣುತ್ತಾ ಕೂತರೂ ಒಂದೇ ಯೋಚನೆ. ಮನೆಯಲ್ಲಿ ಅವ್ವನಿಗೆ ಏನೆಂದು ಹೇಳುವುದು?

ಸಂಜೆ ಅವಳ ಪಕ್ಕ ಕೂತು ತೊದಲುತ್ತಾ ಹೇಳಿದೆ. ಅವಳು ಬೆಚ್ಚಲಿಲ್ಲ.

"ಅವ್ರಲ್ಲ ಅಂತ ಫೋಟೋ ಮನೆಗೆ ಬಂದ ದಿನಾನೇ ಅನ್ನಿಸ್ತು" ಎಂದಳು.

"ಮತ್ತೆ ಯಾಕವ್ವ ಹೇಳ್ಲಿಲ್ಲ?"

"ಹಿರಿಯರ ಮುಂದೆ ನಾನು ಹೆಂಗೆ ಬಾಯಿ ಬಿಡ್ಲಿ? ಸ್ಟುಡಿಯೋದವ್ರು ಕೆಡಿಸ್ಯಾರೆ ಅಂದ್ರು, ಇರಬೋದು ಅನ್ಕಂಡೆ. ಅಷ್ಟೊತ್ತಿಗೆ ನೀನು ಅಪ್ಪ ಅಂತ ಕೈ ಮುಗುದಿದ್ದಿ."

ತೆಳ್ಳಗಿನವರ ಫೋಟೋ ದೊಡ್ಡದು ಮಾಡಿ ಮೊಬೈಲನ್ನು ಅವಳ ಕೈಗಿತ್ತೆ. ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ಒರೆಸಿ ಮತ್ತೆ ನೋಡಿದಳು.

"ಕಿವಿ ಅವ್ರವೇ ಅದಾವೆ" ಎಂದಳು. ಕನ್ನಡಕ ತೆಗೆದಿಟ್ಟು, "ಆದ್ರೆ ಇಷ್ಟು ವರ್ಷ ಅದನ್ನೇ ನೋಡಿ ನೋಡಿ, ಕಣ್ಣು ಮುಚ್ಚಿದ್ರೆ ಮೀಸೆಯವ್ರೇ ಬರ್ತಾರೆ. ಇವ್ರು ಬರೋದಿಲ್ಲಪ್ಪ" ಎಂದು ಮೊಬೈಲನ್ನು ನನ್ನ ಕೈಗೇ ಕೊಟ್ಟಳು.

ಹೊಸ ಮನೆಯಲ್ಲಿ ತೆಳ್ಳಗಿನವರನ್ನೇ ಹಾಕಿಸಿದ್ದೇನೆ. ನನಗಿಂತ ಇಷ್ಟು ಚಿಕ್ಕವರನ್ನು ಅಪ್ಪ ಎನ್ನಲು ನಾಲಿಗೆ ಇನ್ನೂ ಒಗ್ಗಿಲ್ಲ. ಬಂದವರು ಇವರ್ಯಾರೆಂದು ಕೇಳಿದರೆ, ನಮ್ಮ ತಂದೆ ಎನ್ನುತ್ತೇನೆ. ಎಂದವನು ಒಮ್ಮೆ ಅವ್ವನ ಮುಖ ನೋಡುತ್ತೇನೆ. ಅವಳು ಫೋಟೋವನ್ನೇ ನೋಡುತ್ತಿರುತ್ತಾಳೆ.