ಷಾಹಿದಾಳ ಕ್ಯಾನ್ವಾಸ್ ಮೇಲೆ ನಾನೆಳೆದ ಗೆರೆ

೧೯೮೪ರ ಮಾರ್ಚ್‌ನಲ್ಲಿ ನಾನು ಉತ್ತರ ಬೆಂಗಳೂರಿನ ಒಂದು ಖಾಸಗಿ ಚಿತ್ರಕಲಾ ಶಾಲೆಯಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ಏಳನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಯಶವಂತಪುರ ಸ್ಟೇಷನ್ ಬಳಿಯ ಬೋರ್ಡ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಮಂಡಿಗಳ ಹೆಸರು, ಲಾರಿಗಳ ನಂಬರು ಬರೆದೆ. ಕೊನೆಗೆ ಮೇಸ್ತ್ರಿಯೂ ಆದೆ. ಆ ಶಾಲೆಯವರು ಸರ್ಟಿಫಿಕೇಟ್ ಕೇಳದೆ ಕೈಕೆಲಸ ನೋಡಿ ಸೇರಿಸಿಕೊಂಡರು. ಬೆಳಿಗ್ಗೆ ಕ್ಲಾಸು, ಸಂಜೆ ಬೋರ್ಡು. ಐದು ವರ್ಷದ ಡಿಪ್ಲೊಮಾ, ಅದರ ಮೇಲೆ ಎರಡು ವರ್ಷದ ಪೋಸ್ಟ್ ಡಿಪ್ಲೊಮಾ, ಒಂದು ದಿನವೂ ತಪ್ಪಿಸದೆ ಮುಗಿಸಿದೆ. ಮುಗಿದ ವರ್ಷವೇ ಅಲ್ಲೇ ಪಾಠ ಮಾಡಲು ಕರೆದರು. ಸ್ಟೇಷನ್ ರಸ್ತೆಯಲ್ಲಿ ‘ಪೇಂಟರ್ರೇ’ ಎನ್ನುತ್ತಿದ್ದವರು ‘ಸರ್’ ಎನ್ನತೊಡಗಿದರು. ಅದು ನನಗೆ ಬಹಳ ಇಷ್ಟವಾಗಿತ್ತು.

ಅಂತಿಮ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಆರು ದಿನ ಸ್ಟುಡಿಯೋದಲ್ಲೇ ಕೂತು ಒಂದು ದೊಡ್ಡ ಕ್ಯಾನ್ವಾಸ್ ಮುಗಿಸಬೇಕು. ಮೇಲ್ವಿಚಾರಣೆಗೆ ಇದ್ದವರು, ಆ ಸಲ ನಾನು, ಕುಂಚ ಮುಟ್ಟುವಂತಿಲ್ಲ. ಈ ನಿಯಮ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೋರ್ಡ್ ಅಂಗಡಿಯ ಪದ್ಧತಿ ಬೇರೆ. ಕೆಲಸಗಾರರು ಬಣ್ಣ ತುಂಬುತ್ತಾರೆ, ಕೊನೆಯ ಔಟ್‌ಲೈನ್ ಮೇಸ್ತ್ರಿಯದು. ಅದು ಬೀಳದೆ ಬೋರ್ಡು ಅಂಗಡಿಯಿಂದ ಇಳಿಯುವುದಿಲ್ಲ. ಚೆನ್ನಾಗಿ ಕೆಲಸ ಮಾಡಿದವನ ಬೋರ್ಡಿಗೆ ಮೇಸ್ತ್ರಿ ಇನ್ನಷ್ಟು ಮನಸ್ಸಿಟ್ಟು ಗೆರೆ ಎಳೆಯುತ್ತಾನೆ.

ಆ ವರ್ಷದ ಒಳ್ಳೆಯ ಕೈ ಆರ್.ಟಿ. ನಗರದ ಷಾಹಿದಾಳದು. ಅಪ್ಪ ದರ್ಜಿ. ಜೂನ್‌ಗೆ ರಿಸಲ್ಟ್ ತಂದರೆ ಅವರ ಮನೆ ಹತ್ತಿರದ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಎಂದು ಮಾತಾಗಿತ್ತು. ಗೂಡ್ಸ್ ಶೆಡ್ಡಿನ ಮೂಟೆಗಳಿಗೆ ಒರಗಿ ಕೂತ ಹಮಾಲಿಯನ್ನು ಆಕೆ ಬರೆದಿದ್ದಳು. ಅವನ ಬೆನ್ನು ಎಲ್ಲಿ ಮುಗಿದು ಮೂಟೆ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಆರನೇ ದಿನ, ಗಂಟೆ ಬಾರಿಸಲು ಹತ್ತು ನಿಮಿಷವಿದ್ದಾಗ, ಆಕೆ ಕುಂಚ ತೊಳೆಯಲು ಹೋದಳು. ಉಳಿದವರು ತಂತಮ್ಮ ಕ್ಯಾನ್ವಾಸಿನಲ್ಲಿ ಮುಳುಗಿದ್ದರು. ನಾನು ಒಂದು ಕುಂಚ ಎತ್ತಿಕೊಂಡು ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಉಸಿರಿನಲ್ಲಿ ಗೆರೆ ಎಳೆದೆ.

ವಾಪಸ್ ಬಂದವಳು ನಿಂತುಬಿಟ್ಟಳು. “ಸರ್, ಇದು... ನೀವಾ?”

“ಸ್ವಲ್ಪ ಎತ್ತಿಕೊಟ್ಟೆ ಕಣಮ್ಮ. ಈಗ ನೋಡು, ಹೆಂಗ್ ಬಂತು!”

ಅವಳು ಬಟ್ಟೆ ಎತ್ತಿಕೊಂಡಳು. ಒರೆಸಿದರೆ ಕೆಳಗಿನ ಹಸಿ ಬಣ್ಣವೂ ಬರುತ್ತಿತ್ತು. ಬಟ್ಟೆ ಕೆಳಗಿಟ್ಟಳು. ಗಂಟೆ ಹೊಡೆಯಿತು.

ಮರುದಿನ ಮದ್ರಾಸಿನಿಂದ ಬಂದಿದ್ದ ಪರೀಕ್ಷಕರು ಆ ಚಿತ್ರದ ಮುಂದೆ ನಕ್ಕರು. “ಇದು ಈ ಹುಡುಗಿ ಕೈ ಅಲ್ಲ ಕಣ್ರೀ. ಯಾವನೋ ಬೋರ್ಡ್ ಬರೆಯೋನ್ನ ಕರ್ಕೊಂಡ್ ಬಂದು ಮಾಡ್ಸಿದಾಳೆ.” ಉಳಿದ ಉಪನ್ಯಾಸಕರೂ ನಕ್ಕರು. ನಾನೂ ನಕ್ಕೆ. ಷಾಹಿದಾಳನ್ನು ಕರೆಸಿ ಯಾರು ಮಾಡಿದ್ದೆಂದು ಕೇಳಿದರು. “ನಾನಲ್ಲ ಸರ್” ಎಂದಷ್ಟೇ ಹೇಳಿ ನನ್ನ ಕಡೆ ನೋಡಿದಳು. ನಾನು ಕ್ಯಾನ್ವಾಸ್ ನೋಡುತ್ತ ನಿಂತೆ. ‘ಬೋರ್ಡ್ ಬರೆಯೋನು’ ನಾನೇ ಎಂದು ಅಷ್ಟು ಜನರೆದುರು ಬಾಯಿ ಬಿಡಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿನ್ನೆ ಎಲ್ ಹೋಗಿತ್ರೀ ನಿಮ್ ಬಾಯಿ? ನಕಲು ಅಂತ ಪಟ್ಟಿಗೆ ಸಹಿ ಬಿದ್ದು, ಅವ್ರು ರೈಲೂ ಹತ್ತಾಯ್ತು.” ನಾನು ಬರೆದುಕೊಟ್ಟ ಹೇಳಿಕೆಯಿಂದ ನಕಲಿನ ಕಳಂಕ ಹೋಯಿತು. ಆದರೆ ಬೇರೆಯವರ ಕೈ ಬಿದ್ದ ಚಿತ್ರಕ್ಕೆ ಅಂಕವಿಲ್ಲವೆಂದು ಅವಳು ಅಕ್ಟೋಬರ್‌ನಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕಾಯಿತು. ಅವಳ ಮನೆ ಹತ್ತಿರದ ಶಾಲೆಯವರು ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಜೂನ್‌ನಲ್ಲೇ ಬೇರೆಯವರನ್ನು ತೆಗೆದುಕೊಂಡರು.

ಹೇಳಿಕೆ ಬರೆದುಕೊಟ್ಟ ವಾರವೇ ರಾಜೀನಾಮೆ ಕೊಟ್ಟು, ಕ್ಷಮೆ ಕೇಳಲು ಆರ್.ಟಿ. ನಗರಕ್ಕೆ ಹೋದೆ. ಅವಳ ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಷಾಹಿದಾ ಬಾಗಿಲಲ್ಲೇ ನಿಂತು ಹೇಳಿದಳು:

“ಗೆರೆ ಚೆನ್ನಾಗೇ ಇತ್ತು ಸರ್. ಆದ್ರೆ ಆ ಮನುಷ್ಯ ಸುಸ್ತಾಗಿ ಮೂಟೆ ಜೊತೆ ಮೂಟೆ ಆಗೋಗಿದ್ದ. ನೀವು ಅವನನ್ನ ಎಬ್ಬಿಸಿಬಿಟ್ರಿ.”

ಏಳು ವರ್ಷದ ಓದಿನಲ್ಲಿ ನನ್ನ ಕಣ್ಣಿಗೆ ಬೀಳದ್ದು ಅದು. ನಾನು ಬೋರ್ಡ್ ಅಂಗಡಿಗೇ ಮರಳಿದೆ. ಬೇರೆಯವರು ಶುರು ಮಾಡಿದ ಕೆಲಸಕ್ಕೆ ಅಂದಿನಿಂದ ಕೈ ಹಾಕಿಲ್ಲ. ತಪ್ಪಿದ್ದರೆ ಬಾಯಲ್ಲಿ ಹೇಳುತ್ತೇನೆ. ಚಿತ್ರಕಲಾ ಶಾಲೆ ಬಿಟ್ಟಿದ್ದೇಕೆ ಎಂದು ಕೇಳಿದವರಿಗೆಲ್ಲ ಆ ಗೆರೆಯ ಕಥೆ ಹೇಳುತ್ತ ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಗೆರೆ ಎಳೆದದ್ದು ಹದಿನಾಲ್ಕು ವರ್ಷದ ಅಭ್ಯಾಸ. ಮರುದಿನ ಅವಳು ನನ್ನ ಕಡೆ ನೋಡಿದಾಗ ಸುಮ್ಮನೆ ನಿಂತದ್ದು ನಾನು.