ಬಾಗಿಲಿಲ್ಲದ ತಗಡಿನ ಷೆಡ್ಡು

ಹಾಸನದಿಂದ ಗಾಡಿ ಬಂದ ದಿನ ನಾನು ಹಿತ್ತಲ ಬಾಗಿಲಲ್ಲಿ ನಿಂತು ಅಕ್ಕಿ ಕೇರುತ್ತಿದ್ದೆ. ಗಾಡಿಯ ತುಂಬ ಜಿಂಕ್ ಶೀಟು, ಕಬ್ಬಿಣದ ಪಟ್ಟಿಗಳು, ಕಿಟಕಿಯ ಒಂದು ಚೌಕಟ್ಟು, ಮೊಳೆ ಹೊಡೆದು ಮುಚ್ಚಿದ ಮರದ ಪೆಟ್ಟಿಗೆ. ಯುದ್ಧ ಮುಗಿದ ಮರುವರ್ಷ ಅದು. ಮಿಲಿಟರಿಯವರಿಗೆ ಬೇಡವಾದ ಸಾಮಾನನ್ನು ಹರಾಜಿನಲ್ಲಿ ಹಿಡಿದು ಮಾರುತ್ತಿದ್ದ ವ್ಯಾಪಾರಿಯೊಬ್ಬನಿಂದ ನಮ್ಮನೆಯವರು ಬಿಡಿಬಿಡಿಯಾಗಿದ್ದ ಒಂದು ಇಡೀ ಷೆಡ್ಡನ್ನೇ ಕೊಂಡು ತಂದಿದ್ದರು. ಪೆಟ್ಟಿಗೆಯಲ್ಲಿ ಬೋಲ್ಟು, ನಟ್ಟು, ಸ್ಪ್ಯಾನರು, ಜೊತೆಗೆ ಚಿತ್ರ ಬರೆದ ಕಾಗದ. ಪ್ರತಿ ತುಂಡಿಗೂ ಬಿಳಿ ಬಣ್ಣದಲ್ಲಿ ನಂಬರು. ಚಿತ್ರ ನೋಡಿಕೊಂಡು ಕೂಡಿಸಿದರೆ ಆಯಿತು, ಬಡಗಿಯೂ ಬೇಡ, ಗಾರೆಯವನೂ ಬೇಡ ಎಂದು ಅವರು ವಿವರಿಸಿದರು.

"ಬಡಗಿ ಇಲ್ದೆ ಎದ್ದಿದ್ದು ಎಷ್ಟ್ ದಿನ ನಿಲ್ತದೆ" ಎಂದು ನಮ್ಮತ್ತೆ ಒಳಗೆ ಹೋದರು.

ಕೊರವಂಗಲದ ಹತ್ತಿರದ ಆ ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ನಾವಿಬ್ಬರು, ಎರಡು ಕಡೆಯ ಮಕ್ಕಳು, ಎಲ್ಲರಿಗೂ ಒಂದೇ ಒಲೆ. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಬಾಯಲ್ಲಿ ಅಕ್ಕ, ಮನಸ್ಸಿನಲ್ಲಿ ಓರಗಿತ್ತಿ. ನಾನು ಉಪ್ಪು ಹಾಕಿ ಇಳಿಸಿದ ಸಾರನ್ನು ಅವಳು ಇನ್ನೊಮ್ಮೆ ರುಚಿ ನೋಡಬೇಕು. ಅರಕಲಗೂಡಿನ ಕಡೆಯಿಂದ ಬಂದ ನನ್ನ ಕೈಯಲ್ಲಿ ಹುಳಿ ಮುಂದು ಎಂಬುದು ಅವಳ ತೀರ್ಮಾನ. ಆರು ವರ್ಷ ನಾನು ಸಹಿಸಿಕೊಂಡೆ ಎನ್ನುತ್ತೇನೆ. ಅವಳನ್ನು ಕೇಳಿದ್ದರೆ ಅವಳೂ ಹಾಗೇ ಹೇಳುತ್ತಿದ್ದಳೋ ಏನೋ.

ಅತ್ತೆಯದು ಒಂದೇ ಮಾತು: ತಾನು ಕಣ್ಣು ಮುಚ್ಚುವವರೆಗೆ ಈ ಮನೆಯಲ್ಲಿ ಎರಡನೆಯ ಒಲೆ ಉರಿಯಕೂಡದು. ನಮ್ಮ ಸುತ್ತಿನಲ್ಲಿ ಮನೆಗಳು ಒಡೆಯುತ್ತಿದ್ದುದು ಹಾಗೆಯೇ. ಮೊದಲು ಹಿತ್ತಲಲ್ಲೊಂದು ಕೋಣೆ, ಆಮೇಲೆ ಅದರೊಳಗೊಂದು ಒಲೆ, ಆಮೇಲೆ ಹೊಲದ ನಡುವೆ ಬದು. ಹೀಗಾಗಿ ನೇಗಿಲು, ನೊಗ, ಹಿಂಡಿ ಮಳೆಗೆ ನೆನೆಯದಿರಲಿ ಎಂದು ಇದನ್ನು ತಂದಿದ್ದೇನೆ ಎಂದು ನಮ್ಮನೆಯವರು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

"ಬಾಗ್ಲು ಯಾವ್ ಕಡೀಕೆ ಬತ್ತದೆ?" ಓರಗಿತ್ತಿ ಮೊದಲು ಕೇಳಿದ್ದು ಅದನ್ನೇ.

"ಇಂದ್ಗಡೆ ದಾರಿ ಕಡೀಕೆ ಅತ್ಗೆ. ಗಾಡಿಯಿಂದ ಇಳ್ಸಾಕೆ ಸಲೀಸು" ಎಂದರು ಇವರು.

ಉಗ್ರಾಣದ ಬಾಗಿಲು ಮನೆಯ ಕಡೆಗಿರುತ್ತದೆ, ಬೇರೆ ಸಂಸಾರದ ಬಾಗಿಲು ದಾರಿಯ ಕಡೆಗಿರುತ್ತದೆ. ಅವಳು ಅಷ್ಟನ್ನೂ ಒಂದು ನೋಟದಲ್ಲಿ ಹೇಳಿ ಮುಗಿಸಿದಳು. ಭಾವ ತಮ್ಮನ ಜೊತೆ ತಗಡು ಹಿಡಿದರು. ಕಾಗದವನ್ನು ಅಣ್ಣತಮ್ಮಂದಿರು ಹಿಡಿದದ್ದೇ ತಲೆಕೆಳಗಾಗಿ. ಮೊದಲ ದಿನ ಎದ್ದ ಗೋಡೆಯಲ್ಲಿ ಕಿಟಕಿ ಮೊಣಕಾಲಿನ ಹತ್ತಿರ ಬಂದಿತ್ತು.

"ಕೋಳಿ ಇಣುಕಿ ನೋಡ್ಲಿ ಅಂತ ಮಾಡವ್ರೆ" ಎಂದರು ಭಾವ. ಎಲ್ಲವನ್ನೂ ಬಿಚ್ಚಿ ಮತ್ತೆ ಕೂಡಿಸಬೇಕಾಯಿತು.

ಕಿಟಕಿ ಸರಿಯಾದ ಎತ್ತರಕ್ಕೆ ಬಂದ ಮೇಲೆ ಓರಗಿತ್ತಿ ನನ್ನ ಕಡೆ ತಿರುಗಿದಳು. "ಕಿಟ್ಕಿ ಯಾಕವ್ವ? ನೇಗ್ಲಿಗೆ ಗಾಳಿ ಬೇಕಾ?"

"ಜೊತೇಲಿ ಬಂದದೆ ಅಕ್ಕ. ಬಿಸಾಕಾಕಾಯ್ತದಾ?" ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಮೂರನೆಯ ದಿನ ಸೂರು ಏರಿತು, ಬಾಗಿಲು ಮಾತ್ರ ಉಳಿಯಿತು. ಆಗ ನೋಡಿದರೆ ಬಾಗಿಲಿನ ಎರಡು ಕೀಲು, ಅದರ ಬೋಲ್ಟುಗಳು ಪೆಟ್ಟಿಗೆಯಲ್ಲಿಲ್ಲ. ಅವು ಅದರಲ್ಲಿದ್ದುದನ್ನು ಹಿಂದಿನ ದಿನ ನಾನೇ ಕಣ್ಣಾರೆ ಕಂಡಿದ್ದೆ. ನಮ್ಮನೆಯವರು ವ್ಯಾಪಾರಿಯ ಮೇಲೆ ಗುಮಾನಿಪಟ್ಟು ಹಾಸನಕ್ಕೆ ಹೋದರು. ಅವನು ಎಲ್ಲ ಸರಿಯಾಗಿ ತುಂಬಿಸಿದ್ದೆ ಸಾ ಎಂದು ದೇವರ ಪಟ ಮುಟ್ಟಿ ಹೇಳಿದನಂತೆ. ಅವನು ಪಟ ಮುಟ್ಟಬೇಕಾಗಿರಲಿಲ್ಲ. ಕದ್ದವರು ಯಾರೆಂದು ನನಗೆ ಗೊತ್ತಿತ್ತು.

ಓರಗಿತ್ತಿ ಬಟ್ಟೆ ಒಗೆಯಲು ಕೆರೆಗೆ ಹೋದಾಗ ಅವಳ ಹಾಸಿಗೆ ಸುತ್ತು ಬಿಚ್ಚಿ ನೋಡಿದೆ. ಟ್ರಂಕಿನಲ್ಲಿ ಕೈಯಾಡಿಸಿದೆ. ಅವಳ ಮದುವೆ ಸೀರೆಯ ಮಡಿಕೆಯನ್ನೂ ಬಿಡಲಿಲ್ಲ. ಸೀರೆಯ ನಡುವೆ ನನ್ನ ಮೊದಲ ಮಗುವಿಗೆ ಅವಳೇ ಹೊಲಿದಿದ್ದ ಕುಲಾವಿ ಸಿಕ್ಕಿತು, ಕೀಲು ಸಿಗಲಿಲ್ಲ. ಎಲ್ಲವನ್ನೂ ಇದ್ದ ಹಾಗೇ ಇಟ್ಟೆ. ಸಿಗದಿದ್ದುದಕ್ಕೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ನಾಲ್ಕು ದಿನದ ಮೇಲೆ ರಾಗಿ ಬೀಸಬೇಕಿತ್ತು. ಅತ್ತೆ ಬೀಸುವ ಕಲ್ಲಿನ ಮುಂದೆ ಕೂತಿದ್ದರು. ನಾನು ಮಣ್ಣಿನ ಗುಡಾಣದೊಳಗೆ ತೋಳಿನವರೆಗೆ ಕೈ ಹಾಕಿ ರಾಗಿ ಮೊಗೆಯುತ್ತಿದ್ದಾಗ ಬೆರಳಿಗೆ ಕಬ್ಬಿಣ ತಗುಲಿತು. ಹಳೆ ಸೀರೆ ಚೂರಿನಲ್ಲಿ ಕಟ್ಟಿದ ಗಂಟು, ಒಳಗೆ ಬಾಗಿಲಿನ ಕೀಲು, ಬೋಲ್ಟು. ಚೂರು ಅತ್ತೆಯ ಸೀರೆಯದು.

"ಇದು ಇಲ್ಲೀಗ್ ಎಂಗ್ ಬಂತು ಅತ್ತೆ?"

"ನಾನೇ ಮಡಗ್ದೆ" ಎಂದರು ಅವರು, ಕಲ್ಲು ನಿಲ್ಲಿಸದೆ. "ಗ್ವಾಡೆ ನಿಲ್ಲಿಸ್ಕಳ್ಳಿ, ಸೂರು ಆಕ್ಕಳ್ಳಿ. ಬಾಗ್ಲಿಲ್ದಿರೋ ಕಡೆ ಯಾರೂ ಸಂಸಾರ ಊಡಾಕಿಲ್ಲ ಕಣವ್ವ."

ನನಗೆ ಮೈಯೆಲ್ಲ ಉರಿಯಿತು. "ನಿಮ್ ಮಗ ನೇಗ್ಲು ಮಡಗಾಕೆ ತಂದವ್ರೆ. ನಾವ್ ಬ್ಯಾರೆ ಓಯ್ತೀವಿ ಅಂತ ನಿಮ್ಗೆ ಯೋಳ್ದೋರ್ಯಾರು?"

"ನನ್ ಮಗ ನೇಗ್ಲು ಮಡಗಾಕೇ ತಂದವ್ನೆ. ಅದು ನಂಗೊತ್ತು." ಅತ್ತೆ ಕಲ್ಲು ನಿಲ್ಲಿಸಿದರು. "ಇತ್ಲಲ್ಲಿ ಮುರುಕ್ಲು ಮಂಕ್ರಿ ಕೆಳ್ಗೆ ಒಲೆ ಮಡಗಿರೋದು ಅವ್ನಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ಹೆಗಲು ಮುಟ್ಟಿಕೊಳ್ಳಲು ಕೈಯೇ ಬರಲಿಲ್ಲ. ಷೆಡ್ಡಿನ ಸುದ್ದಿ ಕಿವಿಗೆ ಬಿದ್ದ ವಾರವೇ ಚನ್ನರಾಯಪಟ್ಟಣದ ಸಂತೆಯಲ್ಲಿ ಆ ಮಣ್ಣಿನ ಒಲೆ ಕೊಂಡು, ಸೊಪ್ಪಿನ ಮರೆಯಲ್ಲಿ ತಂದು ಬಚ್ಚಿಟ್ಟಿದ್ದೆ. ಗಂಡನಿಗೂ ಹೇಳಿರಲಿಲ್ಲ. ಕಿಟಕಿಯ ಚೌಕಟ್ಟು ಗಾಡಿಯಿಂದ ಇಳಿದಾಗಲೇ ಹೊಗೆ ಅದರಿಂದ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಇಡೀ ಮನೆಯಲ್ಲಿ ಬೇರೆ ಹೋಗಲು ಹೊಂಚಿದ್ದವಳು ನಾನೊಬ್ಬಳೇ, ಎಲ್ಲರಿಗಿಂತ ಹೆಚ್ಚು ಅನುಮಾನಪಟ್ಟವಳೂ ನಾನೇ.

"ತಗಂಡೋಗಿ ಕೊಡು. ಬಾಗ್ಲು ಆಕ್ಲಿ" ಎಂದರು ಅತ್ತೆ. "ಮಿಕ್ಕಿದ್ದು ನಿನ್ನಿಷ್ಟ." ಮತ್ತೆ ಕಲ್ಲು ತಿರುಗಿಸತೊಡಗಿದರು.

ನಾನು ಗಂಟನ್ನು ಮತ್ತೆ ಗುಡಾಣದೊಳಗೆ ಇಳಿಬಿಟ್ಟು ಮೇಲೆ ರಾಗಿ ಎಳೆದೆ.

ಸಂಜೆ ಮಂಕರಿ ಎತ್ತಿ ಒಲೆಯನ್ನು ಅಡಿಗೆಮನೆಗೆ ತಂದು ಓರಗಿತ್ತಿಯ ಮುಂದೆ ಇಟ್ಟೆ. ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. ಬಗ್ಗಿಸಿ ತಳ ನೋಡಿದಳು.

"ಬಿರ್ಕು ಬಿಟ್ಟಿತ್ತು. ಮೊನ್ನೆ ಮಳೇಲಿ ನಾನೇ ಮಣ್ ಮೆತ್ತಿದ್ದೆ" ಎಂದಳು. "ಆಲ್ ಕಾಯ್ಸಾಕಾಯ್ತದೆ, ಬುಡು." ದೊಡ್ಡ ಒಲೆಯ ಪಕ್ಕಕ್ಕೆ ಅದನ್ನು ಸರಿಸಿ ಕೆಂಡ ಹಾಕಿದಳು.

ನಾನು ಬೇಗ ತೊಲಗಲಿ ಎಂದು ಮೆತ್ತಿದಳೋ, ನನ್ನ ವಸ್ತು ಹಾಳಾಗದಿರಲಿ ಎಂದು ಮೆತ್ತಿದಳೋ. ನನ್ನ ಬುದ್ಧಿ ಆಗಲೂ ಅದನ್ನೇ ಕೆದಕಿತು. ಕಮ್ಮಾರನಿಂದ ಹೊಸ ಕೀಲು ಮಾಡಿಸುತ್ತೇನೆಂದು ನಮ್ಮನೆಯವರು ಹೊರಟಾಗ, ನೇಗಿಲಿಗೆ ಬಾಗಿಲು ಯಾಕೆ ಎಂದು ತಡೆದೆ. ಬಾಗಿಲ ತಗಡಿನ ಮೇಲೆ ನಾನೂ ಓರಗಿತ್ತಿಯೂ ಸಂಡಿಗೆ ಒಣಹಾಕುತ್ತಿದ್ದೆವು.

ವರ್ಷಕ್ಕೊಮ್ಮೆ ಗುಡಾಣ ಬರಿದಾದಾಗ ಅತ್ತೆ ಗಂಟನ್ನು ತೆಗೆದು, ಹೊಸ ರಾಗಿ ತುಂಬುವಾಗ ತಳಕ್ಕೆ ಹಾಕುತ್ತಿದ್ದರು. ಅವರು ತೀರಿಕೊಂಡ ವರ್ಷ ರಾಗಿ ತುಂಬಿದವಳು ಓರಗಿತ್ತಿ. ಇನ್ನು ಅದು ಅಲ್ಲಿರುವುದಿಲ್ಲ, ಅತ್ತೆಯ ಮಾತಿನ ವಾಯಿದೆಯೂ ಮುಗಿಯಿತು, ಇವಳೇ ಭಾಗ ಕೇಳುತ್ತಾಳೆ ಎಂದುಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ ಗುಡಾಣಕ್ಕೆ ಕೈ ಹಾಕಿದೆ. ಗಂಟು ಸಿಕ್ಕಿತು. ಹಳೆ ಚೂರು ಹರಿದಿತ್ತೇನೋ, ಬಟ್ಟೆ ಬದಲಾಗಿತ್ತು. ಅದು ಓರಗಿತ್ತಿಯ ಮದುವೆ ಸೀರೆಯ ಸೆರಗು.