ಹನ್ನೊಂದು ನಲವತ್ತರ ದಾಖಲೆಯನ್ನು ಸರಿಪಡಿಸಿದ ಬಗ್ಗೆ

ಮಾನ್ಯ ಓದುಗರಲ್ಲಿ ವಿನಂತಿ. ಇದನ್ನು ಕೈಯಲ್ಲೇ ಬರೆದಿದ್ದೇನೆ. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತದ ಮೇಲೆ ನನಗೇ ಭರವಸೆಯಿಲ್ಲ. ಎರಡಕ್ಕೂ ಮೊದಲೇ ಕ್ಷಮೆ ಕೋರುತ್ತೇನೆ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ರೂಢಿಯಿಲ್ಲದ ಕಾರಣ ಇದೂ ಅದೇ ಧಾಟಿಯಲ್ಲಿ ಬಂದಿದೆ.

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಗಮನಿಸುವ ಕೊಠಡಿಯಲ್ಲಿ ನಾವು ಇಬ್ಬರು ನೌಕರರು. ಬೆಳಿಗ್ಗೆ ಎಂಟರಿಂದ ಎರಡರವರೆಗೆ ಸೂಡಿಯಿಂದ ಬಸ್ಸಿನಲ್ಲಿ ಬರುವ, ನನಗಿಂತ ಹಿರಿಯರಾದ ಅಕ್ಕನವರು. ಎರಡರಿಂದ ಎಂಟರವರೆಗೆ ಮುಶಿಗೇರಿಯಿಂದ ಬೈಕಿನಲ್ಲಿ ಬರುವ ನಾನು. ಯಂತ್ರಗಳ ಅಳತೆಗಳು ದಿನಕ್ಕೊಂದು ಕಡತವಾಗಿ ಕಂಪ್ಯೂಟರಿನಲ್ಲಿ ಸೇರುತ್ತವೆ. ಹಿಂದಿನ ದಿನದ ಕಡತವನ್ನು ಸಂಜೆ ರೋಣದಲ್ಲಿರುವ ಮೇಲ್ವಿಚಾರಕರಿಗೆ ಕಳುಹಿಸುವುದು ನನ್ನ ಕೆಲಸ.

ಎರಡು ತಿಂಗಳು ಒಂದೊಂದು ದಿನ ಆ ಕಡತವೇ ಕಾಣೆಯಾಯಿತು. ಸಂಜೆ ಕಳುಹಿಸಲು ಹೋದರೆ ಇರುತ್ತಿರಲಿಲ್ಲ. ನಾನು ಅಳಿಸಿಲ್ಲವೆಂಬುದು ನನಗೆ ಖಚಿತವಿತ್ತು. ಆದ್ದರಿಂದ ಉಳಿದವರು ಒಬ್ಬರೇ.

ಹೀಗೊಮ್ಮೆ ಸಂಶಯ ಹೊಕ್ಕ ಮೇಲೆ ಅಕ್ಕನವರು ಮಾಡಿದ್ದೆಲ್ಲ ಅದಕ್ಕೆ ಸಾಕ್ಷಿಯಾಗತೊಡಗಿತು. ನಾನು ಒಳಗೆ ಬಂದಾಗ ಅವರು ಪರದೆಯನ್ನು ಸ್ವಲ್ಪ ತಿರುಗಿಸುವುದು, ಪಾಳಿ ರಜಿಸ್ಟರಿನಲ್ಲಿ ‘ಎಲ್ಲಾ ಸರಿ’ ಎಂದಷ್ಟೇ ಬರೆಯುವುದು, ಫೋನ್ ಬಂದರೆ ಎದ್ದು ಹೊರಗೆ ಹೋಗುವುದು. ನಾನು ಹತ್ತು ನಿಮಿಷ ಮುಂಚಿತವಾಗಿ ಬಂದು, ಕಿಟಕಿಯಿಂದ ನೋಡಿ ಒಳಗೆ ಹೋಗತೊಡಗಿದೆ. ಅವರು ಕೊಟ್ಟ ರೊಟ್ಟಿಯನ್ನು ತಿನ್ನುತ್ತಲೇ ಇದನ್ನೆಲ್ಲ ಮಾಡಿದೆನೆಂದು ದಾಖಲಿಸುವುದು ನ್ಯಾಯ.

ಮೇಲ್ವಿಚಾರಕರು ಆ ಕಂಪ್ಯೂಟರಿಗೆ ಜಾಡು ಹಿಡಿಯುವ ಒಂದು ಸಾಧನವನ್ನು ಹಾಕಿಸಿದರು. ಅದಕ್ಕೆ ಚಿತ್ರ, ಗುಂಡಿ ಏನೂ ಇಲ್ಲ. ಆದೇಶಗಳನ್ನು ಟೈಪ್ ಮಾಡಿಯೇ ನಡೆಸಬೇಕು. ಕಂಪ್ಯೂಟರ್ ಶುರುವಾದ ಕ್ಷಣದಿಂದ ಯಾವ ಕಡತ ತೆರೆಯಿತು, ಯಾವುದು ಅಳಿಯಿತು ಎಂಬುದನ್ನೆಲ್ಲ ವೇಳೆ ಸಮೇತ ಅದು ಬರೆದಿಡುತ್ತದೆ. ನರಗುಂದದ ಕಂಪ್ಯೂಟರ್ ಕ್ಲಾಸಿನಲ್ಲಿ ಇಂಥದ್ದನ್ನು ಅಲ್ಪಸ್ವಲ್ಪ ಕಲಿತಿದ್ದೆನಾದ್ದರಿಂದ ಜವಾಬ್ದಾರಿ ನನಗೆ ಬಂತು. ಅಕ್ಕನವರಿಗೆ ತಿಳಿಸಕೂಡದೆಂದು ಸೂಚನೆಯೂ ಬಂತು. ಆ ಸೂಚನೆ ನನಗೆ ಇಷ್ಟವಾಗಿತ್ತು.

ಮೂರನೆಯ ತಿಂಗಳು ಮತ್ತೆ ಕಡತ ಹೋಯಿತು. ಮರುದಿನ ಮಧ್ಯಾಹ್ನ ಬೇಗನೆ ಬಂದು, ಅಕ್ಕನವರು ಊಟಕ್ಕೆ ಎದ್ದಾಗ ದಾಖಲೆಯನ್ನು ತೆರೆದೆ. ಕಡತ ಅಳಿದದ್ದು ನಿನ್ನೆ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ಹೊರಗೆ ಹೋಗಿ ರೋಣಕ್ಕೆ ಫೋನ್ ಮಾಡಿದೆ.

“ಅದನ್ನ ಬಂದ್ ಮಾಡಿ ಪೆನ್ ಡ್ರೈವ್‌ಗೆ ಹಾಕಿ ಕಳಸ್ರಿ,” ಎಂದರು ಮೇಲ್ವಿಚಾರಕರು. “ಸೋಮವಾರ ಅವರನ್ನ ಕೆಲಸದಿಂದ ಬಿಡಸೋ ಕಾಗದ ಬರೀತೇನಿ.”

ನಾನು ಕೂಡಲೇ ದಾಖಲಾತಿಯನ್ನು ಬಂದ್ ಮಾಡಬೇಕಿತ್ತು. ಆದರೆ ಸಿಕ್ಕಿಬಿದ್ದವರ ಮುಖ ನೋಡುವ ಆಸೆ ತಡೆಯಲಾಗಲಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಅಕ್ಕನವರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿಸಿಕೊಂಡರು.

“ಹನ್ನೊಂದ ನಲವತ್ತಕ್ಕ ಈ ಮಶೀನಿಗೆ ಕರೆಂಟ ಇರಲಿಲ್ಲ ತಮ್ಮಾ. ನಿನ್ನಿ ಅಮಾಸಿ. ಒಂಬತ್ತಕ್ಕ ಮೇನ್ ತಗದೇನಿ. ಅಯ್ಯಾರು ಬರೋದು ತಡಾ ಆತು, ಪೂಜಿ ಮುಗದು ಹಚ್ಚೋದ್ರಾಗ ಹನ್ನೆರಡೂವರಿ.”

“ಹಂಗಾರ ರಜಿಸ್ಟರದಾಗ ಯಾಕ ಬರದಿಲ್ರಿ ಅಕ್ಕಾರ?”

“ಬರದ್ರ ಪೂಜಿ ಮಾಡಾಕ ಬಿಡತಿದ್ರೇನು ನಿಮ್ಮ ಸಾಹೇಬ್ರು?”

ಕಂಪ್ಯೂಟರನ್ನು ಯಾವ ಕಾರಣಕ್ಕೂ ಆರಿಸಬಾರದೆಂದು ಲಿಖಿತ ಆದೇಶವಿದ್ದುದು ನಿಜ. ನಮ್ಮ ಕಡೆ ಅಮಾವಾಸ್ಯೆಯಂದು ಯಂತ್ರವನ್ನು ಆರಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆಂಬುದೂ ನಿಜ. ಪೂಜೆಯಾದದ್ದು ನನಗೂ ಗೊತ್ತಿತ್ತು, ಆದರೆ ಅಷ್ಟು ಹೊತ್ತು ಕರೆಂಟು ಇರಲಿಲ್ಲವೆಂಬುದನ್ನು ನಾನು ನಂಬಲಿಲ್ಲ. ಇದು ತಪ್ಪಿಸಿಕೊಳ್ಳುವ ಮಾತೆಂದೇ ಭಾವಿಸಿ, ಅವರನ್ನು ಸುಳ್ಳು ಮಾಡುವ ಸಲುವಾಗಿ ದಾಖಲೆಯ ಕೊನೆಯ ಸಾಲನ್ನು ನೋಡಿದೆ. ಆಗ ತಾನೇ ನಾನು ತೆರೆದ ಕಡತ ಅದರಲ್ಲಿತ್ತು. ಎದುರಿಗೆ ವೇಳೆ ಹತ್ತು ಐವತ್ತು. ನನ್ನ ಫೋನಿನಲ್ಲಿ ಎರಡು ಇಪ್ಪತ್ತು.

ದಾಖಲೆ ಮೂರೂವರೆ ತಾಸು ಹಿಂದಿತ್ತು. ಕಂಪ್ಯೂಟರಿನ ಒಳಗಿನ ಬ್ಯಾಟರಿ ಸೋತಿದ್ದರಿಂದ, ಕರೆಂಟು ತೆಗೆದೊಡನೆ ಅದರ ಗಡಿಯಾರವೂ ನಿಂತು, ಮತ್ತೆ ಕೊಟ್ಟಾಗ ಒಂಬತ್ತರಿಂದಲೇ ಹೊರಟಿತ್ತು. ಸ್ವಲ್ಪ ಹೊತ್ತಿಗೆ ಇಂಟರ್ನೆಟ್ ಬಂದು ಪರದೆಯ ಗಡಿಯಾರ ಸರಿಹೋಗಿತ್ತು. ಆದರೆ ಜಾಡು ಹಿಡಿಯುವ ಸಾಧನ ತಾನು ಶುರುವಾದ ವೇಳೆಯನ್ನು ಒಂದೇ ಸಲ ಬರೆದುಕೊಂಡು, ಮುಂದಿನದನ್ನೆಲ್ಲ ಅದರಿಂದಲೇ ಎಣಿಸುತ್ತದೆ. ಆ ಮೊದಲ ವೇಳೆಯನ್ನು ಹೊಸದಾಗಿ ಬರೆಸುವ ಆದೇಶವೊಂದಿದೆ. ಆದರೆ ದಾಖಲಾತಿ ನಡೆಯುತ್ತಿರುವಾಗ ಮಾತ್ರ ಅದು ಕೆಲಸ ಮಾಡುತ್ತದೆ. ಒಮ್ಮೆ ಬಂದ್ ಮಾಡಿದರೆ ತಪ್ಪು ವೇಳೆಯೇ ಕಾಯಂ. ಮೇಲ್ವಿಚಾರಕರ ಮಾತನ್ನು ನಾನು ತಕ್ಷಣ ಪಾಲಿಸಿದ್ದರೆ ಅಕ್ಕನವರ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಆಗಲೂ ಈ ಗಡಿಯಾರವನ್ನು ಅವರೇ ಕೆಡಿಸಿರಬಹುದೇ ಎಂದು ಒಂದು ಗಳಿಗೆ ಯೋಚಿಸಿದೆ. ನಂತರ ಅವರೆದುರಿಗೇ ಆದೇಶವನ್ನು ಟೈಪ್ ಮಾಡಿದೆ. ಆಯಿತೆಂದು ಒಂದೇ ಸಾಲಿನ ಉತ್ತರ ಬಂತು. ದಾಖಲೆಯನ್ನು ಮತ್ತೆ ತೆರೆದೆ. ಹನ್ನೊಂದು ನಲವತ್ತು ಎಂದಿದ್ದಲ್ಲಿ ಮಧ್ಯಾಹ್ನ ಮೂರು ಹತ್ತು ಎಂದಿತ್ತು.

“ಮೂರ ಹತ್ತಕ್ಕ ಈ ಕುರ್ಚಿಮ್ಯಾಲೆ ಯಾರಿದ್ರು ತಮ್ಮಾ?” ಎಂದು ಅಕ್ಕನವರು ಮೆಲ್ಲಗೆ ಕೇಳಿದರು.

ನಾನು ಅಳಿದ ಕಡತದ ಹಿಂದುಮುಂದಿನ ಸಾಲುಗಳನ್ನು ಓದಿದೆ. ಕೆಲವೇ ಸೆಕೆಂಡುಗಳಲ್ಲಿ ಕ್ಯಾಲ್ಕುಲೇಟರ್ ಮೂರು ಸಲ ತೆರೆದಿತ್ತು, ಖಾಲಿ ಕಡತಗಳು ಹುಟ್ಟಿದ್ದವು, ಯಾವುದಕ್ಕೂ ಅರ್ಥವಿರಲಿಲ್ಲ. ಬುದ್ಧಿಯಿಂದ ಟೈಪ್ ಮಾಡಿದ ಕೈ ಅದಲ್ಲ. ಅದು ಹಸಿ ಬಟ್ಟೆ. ಪೂಜೆಯ ವಿಭೂತಿ ಕೀಲಿಗಳ ಸಂದಿಯಲ್ಲಿ ಕೂರುತ್ತದೆಂದು ಪ್ರತಿ ಅಮಾವಾಸ್ಯೆ ನಾನೇ ಕೀಬೋರ್ಡನ್ನು ಒತ್ತಿ ಒರೆಸುತ್ತಿದ್ದೆ. ಸಂಜೆ ಕಳುಹಿಸಬೇಕಾದ ಕಡತವನ್ನು ಪರದೆಯ ಮೇಲೆ ಆಯ್ದು ಇಟ್ಟುಕೊಂಡೇ ಒರೆಸುತ್ತಿದ್ದೆ. ಅಕ್ಕನವರು ಗೋಡೆಯ ಕ್ಯಾಲೆಂಡರ್ ತೆಗೆದು ಹಿಂದೆ ಕಡತ ಕಾಣೆಯಾದ ಎರಡು ದಿನಗಳನ್ನು ಬೆರಳಿಟ್ಟು ತೋರಿಸಿದರು. ಎರಡರಲ್ಲೂ ಅಮಾವಾಸ್ಯೆಯ ಕಪ್ಪು ಚುಕ್ಕೆ ಇತ್ತು.

ಅವರು ಅಲ್ಲಿ ನಿಂತಿರುವಾಗಲೇ ರೋಣಕ್ಕೆ ಫೋನ್ ಮಾಡಿ ತಪ್ಪು ನನ್ನದೆಂದು ತಿಳಿಸಿದೆ. ಮೇಲ್ವಿಚಾರಕರು ಲಿಖಿತ ವಿವರಣೆ ಕೇಳಿದರು. ಕೊಟ್ಟೆ. ಅಕ್ಕನವರನ್ನು ಬಿಡಿಸುವ ಕಾಗದ ಬರೆಯಲ್ಪಡಲಿಲ್ಲ. ನನಗೆ ಎಚ್ಚರಿಕೆ ಪತ್ರ ಬಂತು, ಕಂಪ್ಯೂಟರಿಗೆ ಹೊಸ ಬ್ಯಾಟರಿ ಬಂತು.

ಅಕ್ಕನವರು ಈಗಲೂ ರೊಟ್ಟಿ ಕೊಡುತ್ತಾರೆ. ಆದರೆ ಎರಡು ಗಂಟೆಗೆ ಏಳುವ ಮುನ್ನ ಕಡತಗಳ ಪಟ್ಟಿಯನ್ನು ನನ್ನೆದುರು ಒಂದೊಂದಾಗಿ ಓದಿ, ರಜಿಸ್ಟರಿನಲ್ಲಿ ನನ್ನ ಸಹಿ ಪಡೆದೇ ಬಸ್ಸಿಗೆ ಹೋಗುತ್ತಾರೆ. ಅದನ್ನು ಬೇಡವೆನ್ನುವ ಹಕ್ಕು ನನಗಿಲ್ಲ.

ಮೇಲ್ಕಂಡ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ, ಅಕ್ಷರದ್ದಾಗಲಿ ಸಂಗತಿಯದ್ದಾಗಲಿ, ಓದುಗರು ಸಂಕೋಚಪಡದೆ ತಿದ್ದಬೇಕಾಗಿ ಕೋರುತ್ತೇನೆ.